ಅವಳು ಹೇಳದ ‘ಇಲ್ಲ’

ಪ್ರಶ್ನೆಪತ್ರಿಕೆಗಳ ಕಟ್ಟು ಕಚೇರಿಗೆ ಬಂದಾಗ ನಾನು ಅದರ ಮೇಲಿನ ಅರಗನ್ನು ಮೂಸಿ ನೋಡುತ್ತಿದ್ದೆ. ಕೆಲವು ದಿನಗಳ ಹಿಂದೆ ಒತ್ತಿದ ಮುದ್ರೆಗೆ ವಾಸನೆ ಇರುವುದಿಲ್ಲ. ಯಾರಾದರೂ ದಾರಿಯಲ್ಲಿ ಅದನ್ನು ಎಬ್ಬಿಸಿ, ದೀಪಕ್ಕೆ ಹಿಡಿದು ಮತ್ತೆ ಅಂಟಿಸಿದ್ದರೆ ಸುಟ್ಟ ವಾಸನೆ ಮೂಗಿಗೆ ಹತ್ತುತ್ತದೆ. ಹೀಗೆ ಮಾಡಬೇಕೆಂದು ನನಗೆ ಯಾರೂ ಹೇಳಿರಲಿಲ್ಲ. ನನ್ನ ಇಡೀ ಸರ್ವೀಸಿನಲ್ಲಿ ಒಮ್ಮೆಯೂ ಅಂಥ ವಾಸನೆ ಬಂದದ್ದಿಲ್ಲ. ಆದರೂ ಮೂಸುವುದನ್ನು ಬಿಡಲಿಲ್ಲ. ವಾಸನೆ ಬರದಿದ್ದರೆ ಸಮಾಧಾನವಾಗುವುದರ ಬದಲು, ಈ ಸಲ ಹೆಚ್ಚು ಜಾಣರು ಕೈ ಹಾಕಿದ್ದಾರೆ ಎಂದುಕೊಳ್ಳುತ್ತಿದ್ದೆ.

ಮಂಗಳೂರಿನಲ್ಲಿ ಶಾಲೆಗಳ ತನಿಖೆ ನಡೆಸುವ ಒಂದು ಕಚೇರಿಯಲ್ಲಿ ನಾನು ಗುಮಾಸ್ತ. ಹೈಸ್ಕೂಲು ಮುಗಿಸಿದವನಿಗೆ ಆ ಕಾಲದಲ್ಲಿ ಅದು ಗೌರವದ ಕೆಲಸ. ಪಕ್ಕದ ಮೇಜಿನವರು ನನ್ನ ಮೂಸುವ ಚಟ ಕಂಡು ನಗುತ್ತಿದ್ದರು. “ಇವರಿಗೆ ಪೊಲೀಸಿನಲ್ಲಿ ಕೆಲಸ ಆಗ್ಬೇಕಿತ್ತು ಮಾರಾಯ, ದಾರಿ ತಪ್ಪಿ ಇಲ್ಲಿಗೆ ಬಂದ್ರು” ಎಂದು ಒಬ್ಬರು ಹೇಳಿದರೆ, ಇನ್ನೊಬ್ಬರು, “ಊಟಕ್ಕೆ ಕೂತರೆ ಬಂಗುಡೆ ಯಾವ ಊರಿನದ್ದು ಅಂತ ಹೆಂಡತಿಯನ್ನು ವಿಚಾರಣೆ ಮಾಡ್ತಾರಂತೆ” ಎನ್ನುತ್ತಿದ್ದರು. ನನಗೆ ಸಿಟ್ಟು ಬರುತ್ತಿರಲಿಲ್ಲ. ಹೊಗಳಿಕೆ ಎಂದೇ ತೆಗೆದುಕೊಳ್ಳುತ್ತಿದ್ದೆ.

ಆಗ ಎಂಟನೆಯ ಕ್ಲಾಸಿನ ಕೊನೆಗೆ ಸರಕಾರಿ ಪರೀಕ್ಷೆ ಇತ್ತು. ಹಳ್ಳಿಯ ಶಾಲೆಗಳ ಮಕ್ಕಳು ಪಟ್ಟಣಕ್ಕೆ ಬಂದು, ಗುರುತಿಲ್ಲದ ಹೈಸ್ಕೂಲಿನ ಬೆಂಚಿನಲ್ಲಿ ಕುಳಿತು ಬರೆಯಬೇಕು. ಮಕ್ಕಳಿಗಿಂತ ಹೆಚ್ಚು ನಡುಗುತ್ತಿದ್ದವರು ಮಾಸ್ಟ್ರುಗಳು. ಒಂದು ಶಾಲೆಯಿಂದ ವರ್ಷದ ಮೇಲೆ ವರ್ಷ ಯಾರೂ ಪಾಸಾಗದಿದ್ದರೆ ಆ ಶಾಲೆಯ ಮೇಲಿನ ತರಗತಿಗಳನ್ನು ರದ್ದು ಮಾಡುತ್ತಿದ್ದರು. ತರಗತಿ ಹೋದರೆ ಸರಕಾರದ ಗ್ರಾಂಟು ಇಳಿಯುತ್ತದೆ, ಗ್ರಾಂಟು ಇಳಿದರೆ ಶಾಲೆಯ ಮ್ಯಾನೇಜರು ಮಾಸ್ಟ್ರನ್ನು ಮನೆಗೆ ಕಳುಹಿಸುತ್ತಾರೆ. ಹಾಗಾಗಿ ಮೋಸ ನಡೆಯುತ್ತಿತ್ತು. ಕೆಲವರು ಕಿಟಕಿಯ ಹೊರಗೆ ನಿಂತು ಕೈಸನ್ನೆ ಮಾಡುತ್ತಿದ್ದರು. ಕೆಲವರು ನೀರು ಕೊಡುವ ಜವಾನನ ಕೈಯಲ್ಲಿ ಚೀಟಿ ಕಳಿಸುತ್ತಿದ್ದರು. ಎಲ್ಲಕ್ಕಿಂತ ದೊಡ್ಡ ಮೋಸವೆಂದರೆ ದಡ್ಡ ಹುಡುಗನ ಹೆಸರಿನಲ್ಲಿ ಬೇರೆ ಕಡೆಯ ಜಾಣ ಹುಡುಗನನ್ನು ತಂದು ಕೂರಿಸುವುದು. ಫೋಟೋ ಇಲ್ಲದ ಕಾಲ. ಮಾಸ್ಟ್ರು ಯಾವನನ್ನು ತೋರಿಸಿ ಇವನೇ ಎನ್ನುತ್ತಾರೋ ಅವನೇ ಅವನು.

ಈ ಮೋಸ ನನಗೆ ಚೆನ್ನಾಗಿ ಗೊತ್ತಿತ್ತು, ಯಾಕೆಂದರೆ ನಾನೇ ಅಂಥ ಹುಡುಗನಾಗಿದ್ದೆ. ಕಂಕನಾಡಿಯ ಹತ್ತಿರದ ಸಣ್ಣ ಶಾಲೆಯಲ್ಲಿ ಓದುತ್ತಿದ್ದಾಗ ನಮ್ಮ ಮಾಸ್ಟ್ರು ಒಂದು ಬೆಳಿಗ್ಗೆ ನನಗೆ ಎಣ್ಣೆ ಹಚ್ಚಿ ತಲೆ ಬಾಚಿ, ಗುಡ್ಡದ ಮೇಲಿನ ಪದವು ಬಯಲಿನ ಆಚೆಗಿನ ಇನ್ನೊಂದು ಶಾಲೆಗೆ ಕರೆದುಕೊಂಡು ಹೋದರು. ಅಲ್ಲಿ ಅಂದು ಇನ್‌ಸ್ಪೆಕ್ಟರರ ತನಿಖೆ. ದಾರಿಯುದ್ದಕ್ಕೂ ಒಬ್ಬ ಹುಡುಗನ ಹೆಸರು, ಅವನ ತಂದೆಯ ಕಸುಬು ಬಾಯಿಪಾಠ ಮಾಡಿಸಿದರು. ಇನ್‌ಸ್ಪೆಕ್ಟರರು ನನ್ನಿಂದ ಪದ್ಯ ಓದಿಸಿ, ತಲೆಯ ಮೇಲೆ ಕೈಯಿಟ್ಟು, “ತಂದೆ ಏನು ಮಾಡ್ತಾರೆ?” ಎಂದು ಕೇಳಿದರು. “ಗಾಡಿ ಹೊಡೀತಾರೆ” ಎಂದೆ. ನನ್ನ ತಂದೆಗೆ ಗಾಡಿಯೂ ಇರಲಿಲ್ಲ, ಎತ್ತೂ ಇರಲಿಲ್ಲ. ಮಧ್ಯಾಹ್ನ ಬೆಲ್ಲದ ಅವಲಕ್ಕಿ, ಎರಡು ಬಾಳೆಹಣ್ಣು ಕೊಟ್ಟರು. ದೊಡ್ಡವನಾದ ಮೇಲೆ ನಾನು ಇದನ್ನು ಯಾರಿಗೂ ಹೇಳಲಿಲ್ಲ. ಆದರೆ ಅಂದಿನಿಂದ ಬೆಂಚಿನಲ್ಲಿ ಜಾಣ ಹುಡುಗನೊಬ್ಬ ಕಂಡರೆ ಮೊದಲು ಬರುವ ಯೋಚನೆ, ಇವನನ್ನು ಎಲ್ಲಿಂದ ತಂದಿರಬಹುದು ಎಂದೇ.

ಪಣಂಬೂರಿನ ಕಡೆ, ಕಡಲ ಬದಿಯ ಮೀನುಗಾರರ ಕೇರಿಯಲ್ಲಿ ಒಂದು ಶಾಲೆ ಇತ್ತು. ಅದರ ಹೆಡ್ ಮಾಸ್ಟ್ರು ನನಗಿಂತ ಹತ್ತು ವರ್ಷ ಹಿರಿಯರು, ತೆಳ್ಳಗಿನ ಮನುಷ್ಯ, ಯಾವಾಗಲೂ ವೀಳ್ಯ. ಅವರ ಮೇಲೆ ನನಗೆ ಮೊದಲಿನಿಂದಲೇ ಅನುಮಾನ. ಒಂದು ವರ್ಷದ ತನಿಖೆಗೆ ಹೋದಾಗ ಅಲ್ಲಿ ಮೂರನೇ ಕ್ಲಾಸಿನಲ್ಲಿ ಕಂಡ ಎರಡು ಮುಖಗಳನ್ನು ನಾನು ಹಿಂದಿನ ವಾರ ನೆರೆಯ ಶಾಲೆಯಲ್ಲಿ ಕಂಡಿದ್ದೆ. ಮಾಸ್ಟ್ರನ್ನು ಬದಿಗೆ ಕರೆದು ಕೇಳಿದರೆ ನಕ್ಕುಬಿಟ್ಟರು.

“ನೀವು ನೋಡಿದ್ದು ಸರಿ. ಬೆಂಚು ಖಾಲಿ ಇದ್ರೆ ಗ್ರಾಂಟೂ ಖಾಲಿ, ಗುಮಾಸ್ತ್ರೆ. ಬೊಂಡಾಸ್ ಮೀನು ಬರುವ ಕಾಲದಲ್ಲಿ ನಮ್ಮ ಮಕ್ಕಳು ಬಲೆಗೆ ಹೋಗ್ತಾರೆ. ನಾನು ಎಂತ ಮಾಡ್ಲಿ?”

ಎಲ್ಲ ಶಾಲೆಗಳಲ್ಲಿಯೂ ನಡೆಯುತ್ತಿದ್ದ ಸಂಗತಿ ಅದು. ಆದರೆ ಎಲ್ಲರೂ ಅಲ್ಲಗಳೆಯುತ್ತಿದ್ದರು. ಇವರು ನಕ್ಕು ಒಪ್ಪಿಕೊಂಡರು. ಆ ನಗು ನನ್ನ ಮನಸ್ಸಿನಲ್ಲಿ ಉಳಿಯಿತು. ಸಣ್ಣದನ್ನು ಇಷ್ಟು ಸಲೀಸಾಗಿ ಒಪ್ಪುವವನು ದೊಡ್ಡದನ್ನು ಮುಚ್ಚಿಟ್ಟಿರುತ್ತಾನೆ ಎಂದು ನಾನು ತೀರ್ಮಾನಿಸಿದೆ.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮೊದಲಿನ ಮಾತು. ಆ ಶಾಲೆಯಿಂದ ಅದರ ಹಿಂದಿನ ವರ್ಷಗಳಲ್ಲಿ ಎಂಟನೆಯದರಲ್ಲಿ ಯಾರೂ ಪಾಸಾಗಿರಲಿಲ್ಲ. ಈ ಸಲವೂ ಆಗದಿದ್ದರೆ ಮೇಲಿನ ತರಗತಿಗಳು ಹೋಗುವುದೆಂದು ನಮ್ಮ ಕಚೇರಿಯಿಂದಲೇ ಕಾಗದ ಹೋಗಿತ್ತು. ಪರೀಕ್ಷೆಯ ದಿನ ಮಾಸ್ಟ್ರು ನಾಲ್ಕೈದು ಹುಡುಗರನ್ನು ಕರೆದುಕೊಂಡು ಬಂದರು. ನಾನು ಪರೀಕ್ಷೆಯ ಹಾಲಿನಲ್ಲಿ ಹೆಸರು ಕರೆಯುತ್ತಿದ್ದೆ. ಅವರ ಪೈಕಿ ಒಂದು ಹೆಸರು ಕರೆದಾಗ ಯಾರೂ ಏಳಲಿಲ್ಲ. ಎರಡನೆಯ ಸಲ ಕರೆದೆ. ಪಕ್ಕದ ಹುಡುಗ ಮೊಣಕೈಯಿಂದ ತಿವಿದ ಮೇಲೆ ಒಬ್ಬ ಎದ್ದು ನಿಂತ. ಕಪ್ಪಗೆ, ಉದ್ದಕ್ಕೆ, ಹೊಸ ಬಿಳಿ ಅಂಗಿ. ತೋಳಿನ ಹೊಲಿಗೆ ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ.

“ನಿನ್ನ ಹೆಸರು ಎಂತ?”

“ಕಿನ್ನಿ” ಎಂದ. ತುಳುವಿನಲ್ಲಿ ಎಳೆಯದು, ಮರಿ ಎನ್ನುವ ಮಾತು ಅದು. ಕೂಡಲೇ ತುಟಿ ಕಚ್ಚಿಕೊಂಡು ಕಿಟಕಿಯ ಕಡೆ ನೋಡಿದ. ಕಿಟಕಿಯಾಚೆ, ಕಂಪೌಂಡಿನ ಹೊರಗೆ ಗೋಳಿಮರದ ಕೆಳಗೆ ಅವನ ಮಾಸ್ಟ್ರು ನಿಂತಿದ್ದರು. ಆಮೇಲೆ ಹುಡುಗ ಪಟ್ಟಿಯಲ್ಲಿದ್ದ ಹೆಸರು ಹೇಳಿದ.

“ಶಾಲೆಯಲ್ಲಿ ಹಾಜರಿ ಕರೆಯುವಾಗ ಏಳೋದಿಲ್ವಾ ನೀನು?”

“ಶಾಲೆಯಲ್ಲಿ ನಂಬ್ರ ಕರೆಯುದು ಸಾರ್.”

ಹಾಲಿನಲ್ಲಿ ನಗು ಎದ್ದಿತು. ನಾನು ನಗಲಿಲ್ಲ. ಪರೀಕ್ಷೆ ನಡೆದಷ್ಟೂ ಹೊತ್ತು ಒಂದು ಕಣ್ಣು ಹುಡುಗನ ಮೇಲೆ, ಇನ್ನೊಂದು ಗೋಳಿಮರದ ಮೇಲೆ. ಮಾಸ್ಟ್ರು ಅಲ್ಲಿಂದ ಕದಲಲಿಲ್ಲ. ಆಗಾಗ ಗಂಟಲು ಸರಿಮಾಡಿ ವೀಳ್ಯದ ರಸ ಉಗುಳುತ್ತಿದ್ದರು. ಉಗುಳಿದಾಗಲೆಲ್ಲ ಹುಡುಗ ಏನು ಬರೆಯುತ್ತಾನೆಂದು ನೋಡಿದೆ. ಬಲಗಡೆ ಉಗುಳಿದರೆ ಕೂಡಿಸುವುದು, ಎಡಗಡೆಯಾದರೆ ಕಳೆಯುವುದು ಎಂದು ಏನೇನೋ ಲೆಕ್ಕ ಹಾಕಿದೆ, ಯಾವುದೂ ಹೊಂದಲಿಲ್ಲ. ಕೊನೆಗೆ ಗಣಿತದ ಪತ್ರಿಕೆಯ ದಿನ ಹುಡುಗನ ಬೆನ್ನ ಹಿಂದೆಯೇ ನಿಂತುಬಿಟ್ಟೆ. ಅವನು ತಲೆ ಎತ್ತದೆ, ಎಲ್ಲೂ ನಿಲ್ಲದೆ, ಒಂದರ ಕೆಳಗೊಂದು ಲೆಕ್ಕ ಮಾಡಿಕೊಂಡು ಹೋದ. ಬಡ್ಡಿಯ ಲೆಕ್ಕದಲ್ಲಿ ನನಗಿಂತ ಮೊದಲೇ ಉತ್ತರ ಕಂಡುಹಿಡಿದ. ಸನ್ನೆಯಿಲ್ಲ, ಚೀಟಿಯಿಲ್ಲ. ಕಣ್ಣಾರೆ ಕಂಡೆ.

ನೇರ ಮನುಷ್ಯನಾಗಿದ್ದರೆ ಅಲ್ಲಿಗೇ ಅನುಮಾನ ಬಿಡಬೇಕಿತ್ತು. ನನ್ನ ತಲೆ ಬೇರೆ ದಾರಿ ಹಿಡಿಯಿತು. ಸನ್ನೆ ಇಲ್ಲದೆ ಇಷ್ಟು ಚೆನ್ನಾಗಿ ಬರೆಯುತ್ತಾನೆ ಎಂದರೆ, ಇವನು ಆ ಶಾಲೆಯ ಹುಡುಗನೇ ಅಲ್ಲ. ಹೆಸರು ಕರೆದಾಗ ಏಳಲಿಲ್ಲ. ಬೇರೆ ಹೆಸರು ಬಾಯಿಗೆ ಬಂತು. ಮಾಸ್ಟ್ರ ಮುಖ ನೋಡಿದ. ಬೆಲ್ಲದ ಅವಲಕ್ಕಿ ತಿಂದವನಿಗೆ ಇದಕ್ಕಿಂತ ಹೆಚ್ಚಿನ ರುಜುವಾತು ಬೇಕೇ? ಹಾಲಿನ ಮೇಲ್ವಿಚಾರಕರಿಗೆ ನನ್ನ ಅನುಮಾನ ಬರೆದು ಕೊಟ್ಟೆ. ಉತ್ತರಪತ್ರಿಕೆಗಳು ತಿದ್ದಿ ಬಂದಾಗ ಆ ಹುಡುಗನಿಗೆ ಗಣಿತದಲ್ಲಿ ಹೆಚ್ಚುಕಡಿಮೆ ಪೂರ್ತಿ ಅಂಕ. ಪಕ್ಕದ ಮೇಜಿನವರೂ ಈ ಸಲ ನಗಲಿಲ್ಲ. “ಹಿಡಿದ್ರಿ ಅಂತ ಕಾಣ್ತದೆ” ಎಂದರು. ಹುಡುಗನ ಫಲಿತಾಂಶ ತಡೆಹಿಡಿಯಲಾಯಿತು.

ನಮ್ಮ ಕಚೇರಿಗೆ ಆಗಷ್ಟೇ ಹೊಸ ಇನ್‌ಸ್ಪೆಕ್ಟರರು ಬಂದಿದ್ದರು. ತಮಿಳು ಸೀಮೆಯವರು. ಪುಸ್ತಕದಿಂದ ಕಲಿತ ಕನ್ನಡ ಬರುತ್ತಿತ್ತು, ತುಳು ಒಂದಕ್ಷರ ಬಾರದು. ನಾನೇ ಅವರ ಬಾಯಿ, ನಾನೇ ಅವರ ಕಿವಿ. ಮಳೆಗೆ ಮುಂಚೆ ಒಂದು ದಿನ ಇಬ್ಬರೂ ಹೊರಟೆವು. ಕೂಳೂರಿನಲ್ಲಿ ದೋಣಿ ದಾಟಿ, ಅಲ್ಲಿಂದ ಮರಳಿನಲ್ಲಿ ನಡಿಗೆ. ಸಾಹೇಬರಿಗೆ ಬೂಟಿನೊಳಗೆ ಮರಳು ಹೋಗಿ ಸಿಟ್ಟು ಬಂದಿತ್ತು. ಹೇಳದೆ ಹೋಗಬೇಕೆಂದು ಸಲಹೆ ಕೊಟ್ಟವನು ನಾನೇ.

ಮಾಸ್ಟ್ರು ಶಾಲೆಯ ಜಗಲಿಯಲ್ಲಿ ಸಿಕ್ಕಿದರು. ವಿಷಯ ಕೇಳಿ ಬಾಯಲ್ಲಿದ್ದ ವೀಳ್ಯ ಉಗುಳಿ ಬಂದರು. ಹುಡುಗ ಊರಲ್ಲಿಲ್ಲ, ಸೋದರಮಾವನ ಜತೆ ಉಪ್ಪುಮೀನು ಹೇರಿಕೊಂಡು ಕಾಸರಗೋಡು ಕಡೆ ಹೋಗಿದ್ದಾನೆ ಎಂದರು.

“ನಾಳೆ ಬೆಳಿಗ್ಗೆ ಬರ್ತಾನೆ ಸಾರ್. ನಾನೇ ಕಚೇರಿಗೆ ಕರ್ಕೊಂಡು ಬರ್ತೇನೆ. ಬೇಕಾದ ಲೆಕ್ಕ ಕೊಟ್ಟು ನೋಡಿ.”

ಸಾಹೇಬರು ಒಪ್ಪುವಂತೆ ಕಂಡರು. ನಾನು ತಗ್ಗಿದ ದನಿಯಲ್ಲಿ, “ನಾಳೆ ಬರುವ ಹುಡುಗ ಯಾರ ಹುಡುಗ ಎಂದು ನಮಗೆ ಹೇಗೆ ಗೊತ್ತಾಗಬೇಕು ಸಾರ್? ಪರೀಕ್ಷೆ ಬರೆದವನನ್ನೇ ಮತ್ತೆ ತರುತ್ತಾರೆ. ಪಟ್ಟಿಯ ಹೆಸರೇ ಸುಳ್ಳಿರಬಹುದು. ಆ ಹೆಸರಿನ ಮಗ ಆ ಮನೆಯಲ್ಲಿ ಇದ್ದಾನೋ ಇಲ್ಲವೋ ತಾಯಿಯನ್ನೇ ಕೇಳಬೇಕು” ಎಂದೆ.

“ನೆರೆಯವರನ್ನು ವಿಚಾರಿಸೋಣವೇ?”

“ಅವರೆಲ್ಲ ಮಾಸ್ಟ್ರ ಕಡೆಯವರು ಸಾರ್.”

ಸಾಹೇಬರು ಮಾಸ್ಟ್ರನ್ನು ಶಾಲೆಯಲ್ಲಿಯೇ ಇರಬೇಕೆಂದು ಹೇಳಿದರು. ಸನ್ನೆ ಮಾಡಬಾರದಲ್ಲ. ಮಾಸ್ಟ್ರು ನನ್ನ ಕಡೆ ನೋಡಿ, “ನೀವು ಇದ್ದೀರಲ್ಲ, ತುಳು ಬಲ್ಲವರು. ಹೋಗಿ ಬನ್ನಿ” ಎಂದರು. ಅವರ ಮುಖದಲ್ಲಿ ಹೆದರಿಕೆ ಕಾಣಲಿಲ್ಲ. ಅದೂ ನನಗೆ ಅನುಮಾನದ ಸಂಗತಿಯೇ ಆಯಿತು.

ತೆಂಗಿನ ಮಡಲು ಹೊದಿಸಿದ ಮನೆ. ಅಂಗಳದಲ್ಲಿ ಒಬ್ಬ ಹೆಂಗಸು ಚಾಪೆಯ ಮೇಲೆ ಮೀನು ಒಣಹಾಕುತ್ತಿದ್ದಳು. ನಮ್ಮನ್ನು ಕಂಡು ಎದ್ದು, ತಲೆಯ ಮೇಲೆ ಸೆರಗು ಎಳೆದುಕೊಂಡು ಬಾಗಿಲ ಬದಿಗೆ ಸರಿದಳು. ಸಾಹೇಬರು ಅಂಗಳದ ತುದಿಯಲ್ಲಿ ಮೂಗಿಗೆ ಕರವಸ್ತ್ರ ಹಿಡಿದು ನಿಂತರು. “ಕೇಳಿ” ಎಂದರು. ನಾನು ಪಟ್ಟಿಯಲ್ಲಿದ್ದ ಹೆಸರನ್ನು ಪೂರ್ತಿಯಾಗಿ ಹೇಳಿ, ಆ ಹೆಸರಿನ ಮಗ ನಿಮಗೆ ಇದ್ದಾನೋ ಎಂದು ತುಳುವಿನಲ್ಲಿ ಕೇಳಿದೆ.

ಅವಳು ಮಾತಾಡಲಿಲ್ಲ. ಹೆಸರು ಕಿವಿಗೆ ಬಿದ್ದದ್ದೇ ಮುಖ ಪಕ್ಕಕ್ಕೆ ತಿರುಗಿಸಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು.

ಆ ಗಳಿಗೆಯಲ್ಲಿ ನನಗೆ ಎಲ್ಲವೂ ಅರ್ಥವಾಯಿತು. ಇದನ್ನು ಬರೆಯುವುದಕ್ಕೇ ನಾನು ಕುಳಿತದ್ದು. ನನ್ನ ಅಣ್ಣನಿಗೆ ನಮ್ಮ ತಂದೆಯ ತಂದೆಯ ಹೆಸರು. ಅಮ್ಮ ಸಾಯುವವರೆಗೂ ಅವನನ್ನು ‘ದೊಡ್ಡವ’ ಎಂದೇ ಕರೆದಳು. ಮಾವನ ಹೆಸರು ಸೊಸೆಯ ಬಾಯಲ್ಲಿ ಬರಬಾರದು. ಬರೀ ಉಚ್ಚರಿಸುವುದಲ್ಲ, ಯಾರಾದರೂ ಆ ಹೆಸರು ಹೇಳಿ ಕೇಳಿದರೆ ಹೌದು ಎಂದು ತಲೆಯಾಡಿಸುವುದೂ ಹಿರಿಯರಿಗೆ ಅಗೌರವ. ಅಂಚೆಯವನು ಬಾಗಿಲಲ್ಲಿ ಆ ಹೆಸರು ಕೂಗಿದರೆ ಅಮ್ಮ ತುಟಿಪಿಟಕ್ಕೆನ್ನದೆ ಒಳಗೆ ಹೋಗಿ ನಮ್ಮಲ್ಲಿ ಒಬ್ಬನನ್ನು ಹೊರಗೆ ಕಳಿಸುತ್ತಿದ್ದಳು. ಈ ಮನೆಯ ಹುಡುಗನಿಗೂ ಅಜ್ಜನ ಹೆಸರು ಇಟ್ಟಿದ್ದಾರೆ. ಅದಕ್ಕೇ ಊರಿಗೆಲ್ಲ ಅವನು ಕಿನ್ನಿ. ಅದಕ್ಕೇ ಹಾಲಿನಲ್ಲಿ ಹೆಸರು ಕರೆದಾಗ ಅವನು ಏಳಲಿಲ್ಲ.

“ಕಿನ್ನಿ ನಿಮ್ಮ ಮಗನಾ?” ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಆದರೆ ಕೇಳಿದರೆ ಅವಳು ಹೌದು ಎನ್ನುತ್ತಾಳೆ. ಹೌದು ಎಂದರೆ ನಾನು ಬರೆದು ಕೊಟ್ಟ ಅನುಮಾನ ಸುಳ್ಳಾಗುತ್ತದೆ. ಬೂಟಿನ ಮರಳು ಕೊಡವುತ್ತ ಸಾಹೇಬರು ನನ್ನ ಮುಖ ನೋಡುತ್ತಾರೆ. ಅದಕ್ಕಿಂತಲೂ ಹೆಚ್ಚಾಗಿ, ಈ ಮಾಸ್ಟ್ರು ಹೇಗಿದ್ದರೂ ಮೋಸಗಾರ, ಇದರಲ್ಲಿ ಅಲ್ಲದಿದ್ದರೆ ಇನ್ನೊಂದರಲ್ಲಿ, ಎಂಬ ಹಟ ನನ್ನೊಳಗೆ ಗಟ್ಟಿಯಾಗಿ ಕೂತಿತ್ತು.

ಅವಳು ಒಂದು ಕೈ ಎತ್ತಿ ತಾಳಿ ಎನ್ನುವಂತೆ ತೋರಿಸಿ ಒಳಗೆ ಹೋದಳು.

“ಏನು ಹೇಳಿದಳು?” ಸಾಹೇಬರು ಕೇಳಿದರು.

“ಅಂಥ ಮಗ ಇಲ್ಲ ಎನ್ನುತ್ತಾಳೆ ಸಾರ್.”

ಸಾಹೇಬರು ಆಗಲೇ ದಾರಿಯ ಕಡೆ ತಿರುಗಿದ್ದರು. ನಾನು ಅವರ ಹಿಂದೆ ಹೊರಟು ಒಮ್ಮೆ ಹಿಂತಿರುಗಿ ನೋಡಿದೆ. ಅವಳು ಹೊಸ್ತಿಲಲ್ಲಿ ಒಂದು ಬಿಳಿ ಅಂಗಿ ಹಿಡಿದು ನಿಂತಿದ್ದಳು. ತೋಳಿನ ಹೊಲಿಗೆ ಮೇಲೆ ಕೆಳಗೆ ಇದ್ದ ಅದೇ ಅಂಗಿ. ಪರೀಕ್ಷೆಗೆಂದು ತಾನೇ ಹೊಲಿದದ್ದಿರಬೇಕು. ಅವಳು ಅದನ್ನು ನಮ್ಮ ಕಡೆ ಸ್ವಲ್ಪ ಎತ್ತಿ ಹಿಡಿದಳು. ನಾನು ಮುಂದೆ ನಡೆದೆ.

ಮರುದಿನ ಮಾಸ್ಟ್ರು ಹುಡುಗನನ್ನು ಕರೆದುಕೊಂಡು ಕಚೇರಿಯ ಜಗಲಿಗೆ ಬಂದರು. ಸಾಹೇಬರು ಒಳಗೇ ಇದ್ದರು. ಕ್ಯಾಂಪಿಗೆ ಹೋಗಿದ್ದಾರೆ ಎಂದೆ.

“ತಾಯಿಯೇ ಇಲ್ಲ ಅಂತ ಹೇಳಿದ ಮೇಲೆ ಇನ್ನು ಮಾಡಲಿಕ್ಕೆ ಎಂತ ಉಂಟು ಮಾಸ್ಟ್ರೆ?”

ಮಾಸ್ಟ್ರು ಮೊದಲ ಸಲ ನನ್ನೆದುರು ಬೆವರಿದರು. “ಅವಳು ಆ ಹೆಸರು ಹೇಳುವುದಿಲ್ಲ ಗುಮಾಸ್ತ್ರೆ. ಅದು ಅವಳ ಮಾವನ ಹೆಸರು. ನಿಮಗೆ ಗೊತ್ತಿಲ್ಲದ್ದಾ? ನಿಮ್ಮ ಮನೆಯಲ್ಲಿ ಹೇಳ್ತಾರಾ?”

“ಹೆಸರು ಹೇಳಿ ಅಂತ ಯಾರೂ ಕೇಳ್ಲಿಲ್ಲ. ಮಗ ಇದ್ದಾನಾ ಅಂತ ಕೇಳಿದ್ದು. ನನಗೆ ಮಗನೇ ಇಲ್ಲ ಅಂದಳು.”

ಸಾಹೇಬರಿಗೆ ಹೇಳಿದ್ದು ಒಂದು, ಕ್ಯಾಂಪು ಎಂದದ್ದು ಎರಡು, ಇದು ಮೂರನೆಯ ಸುಳ್ಳು. ಮೊದಲಿನ ಎರಡಕ್ಕಿಂತ ಸುಲಭವಾಗಿ ಬಂತು. ಹುಡುಗ ನನ್ನನ್ನೇ ನೋಡುತ್ತಿದ್ದ.

“ಅಮ್ಮ ಹಾಗೆ ಹೇಳಿದ್ದಾ?” ಎಂದು ಕೇಳಿದ.

“ನಿನ್ನ ಅಮ್ಮನನ್ನೇ ಕೇಳು.”

“ಅವಳು ಹಾಗೆ ಹೇಳ್ಲಿಕ್ಕಿಲ್ಲ, ಕಿನ್ನಿ” ಎಂದರು ಮಾಸ್ಟ್ರು. ಹುಡುಗ ಜಗಲಿ ಇಳಿದು ಹೋದ. ಆಮೇಲೆ ತಿಳಿದದ್ದು, ಅವನಿಗೆ ಅದನ್ನು ನಂಬಲು ಕಾರಣವಿತ್ತು. ಅವನು ಪಾಸಾದರೆ ಪಟ್ಟಣದಲ್ಲಿ ತಮ್ಮ ಮನೆಯಲ್ಲಿಟ್ಟುಕೊಂಡು ಹೈಸ್ಕೂಲಿಗೆ ಸೇರಿಸುತ್ತೇನೆಂದು ಮಾಸ್ಟ್ರ ಸಂಬಂಧಿಕರೊಬ್ಬರು ಒಪ್ಪಿದ್ದರು. ಮನೆಯಲ್ಲಿ ಚಿಕ್ಕಪ್ಪಂದಿರು, ದೋಣಿಗೆ ಕೈ ಸಾಲದು, ಓದು ಸಾಕು ಎನ್ನುತ್ತಿದ್ದರು. ತಾಯಿ ಎರಡು ಕಡೆಯ ನಡುವೆ ಸುಮ್ಮನಿದ್ದಳು. ಅವಳು ಚಿಕ್ಕಪ್ಪಂದಿರ ಮಾತು ಕೇಳಿ ಬೇಕೆಂದೇ ಇಲ್ಲ ಎಂದಳು ಎಂದು ಹುಡುಗ ತಿಳಿದ.

ಪರೀಕ್ಷೆಯ ಫಲ ರದ್ದಾಯಿತು. ಮಾಸ್ಟ್ರ ಪಾಠ ಹೇಳುವ ಸರ್ಟಿಫಿಕೇಟನ್ನು ಕಿತ್ತುಕೊಂಡರು. ಅವರು ಬರೆದ ಅರ್ಜಿಗಳು ನನ್ನ ಮೇಜಿನ ಮೇಲೆಯೇ ಹಾದುಹೋದವು. ಪ್ರತಿಯೊಂದಕ್ಕೂ, ಸ್ಥಳದಲ್ಲಿ ವಿಚಾರಣೆ ಆಗಿದೆ ಎಂದು ಉತ್ತರ. ಶಾಲೆ ಐದನೆಯ ಕ್ಲಾಸಿಗೆ ಇಳಿಯಿತು. ಆ ವರ್ಷ ಸಾಹೇಬರು ನನ್ನ ಬಗ್ಗೆ ಒಳ್ಳೆಯ ಮಾತು ಬರೆದರು. ನಾನು ಅರಗು ಮೂಸುತ್ತ ಇದ್ದೆ.

ಯುದ್ಧ ಮುಗಿದ ಮೇಲೆ, ಅಕ್ಕಿಗೆ ಇನ್ನೂ ರೇಶನ್ ಇದ್ದ ದಿನಗಳಲ್ಲಿ, ಕಂಕನಾಡಿ ಮಾರ್ಕೆಟಿನ ಎದುರು ಮಾಸ್ಟ್ರು ಸಿಕ್ಕಿದರು. ಒಂದು ಹಂಚಿನ ಕಾರ್ಖಾನೆಯಲ್ಲಿ ಲೆಕ್ಕ ಬರೆಯುವ ಕೆಲಸ ಎಂದರು. ಹಲ್ಲು ಬಿದ್ದಿತ್ತು, ವೀಳ್ಯ ಬಿಟ್ಟಿದ್ದರು. ತಪ್ಪಿಸಿಕೊಳ್ಳಲು ನೋಡಿದೆ, ಅವರೇ ಕರೆದರು.

“ನಿಮ್ಮ ಮೇಲೆ ನನಗೆ ಬೇಸರ ಇಲ್ಲ. ನೀವು ಕೇಳಿದ್ದನ್ನು ಹೇಳಿದ್ರಿ, ಅಷ್ಟೇ. ಮೊದಲಿಗೆ ನಿಮ್ಮ ಮೇಲೆಯೇ ಅನುಮಾನ ಇತ್ತು, ಸುಳ್ಳು ಹೇಳುವುದಿಲ್ಲ. ಆಮೇಲೆ ಯೋಚಿಸಿದೆ, ಈ ಮನುಷ್ಯನಿಗೆ ಎಂತ ಲಾಭ? ಆ ಹೆಂಗಸೇ ಕೈ ಕೊಟ್ಟಳು.”

ಅವರು ಮುಂದುವರಿಸಿದರು. ಹುಡುಗ ಅಂದಿನಿಂದ ತಾಯಿಯ ಹತ್ತಿರ ಮಾತು ಬಿಟ್ಟಿದ್ದಾನಂತೆ. ಬಂದರಿನಲ್ಲೇ ಇರುತ್ತಾನೆ, ಯಾರದೋ ದೋಣಿಯಲ್ಲಿ ಕೆಲಸ, ಮನೆಗೆ ಹೋಗುವುದಿಲ್ಲ. ಕೇರಿಯಲ್ಲಿ ಹೆಂಗಸರು ಜಗಳವಾಡಿದಾಗ, “ಹೆತ್ತ ಮಗನನ್ನೇ ಇಲ್ಲ ಅಂದವಳು, ನಿನ್ನ ಮಾತು ಯಾರು ನಂಬ್ತಾರೆ?” ಎಂದು ಅವಳ ಮುಖಕ್ಕೆ ಹೇಳುತ್ತಾರಂತೆ. “ನಾನೂ ಒಂದು ಸಲ ಅವಳಿಗೆ ಬಾಯಿಗೆ ಬಂದ ಹಾಗೆ ಬೈದೆ” ಎಂದರು ಮಾಸ್ಟ್ರು.

ಅಲ್ಲಿಯವರೆಗೆ ನನ್ನ ಸುಳ್ಳು ಒಂದು ಸರ್ಟಿಫಿಕೇಟನ್ನೂ ಒಂದು ಪರೀಕ್ಷೆಯನ್ನೂ ತಿಂದಿದೆ ಎಂದು ನಾನು ತಿಳಿದಿದ್ದೆ. ಅದರೊಡನೆ ಹೇಗೋ ಬದುಕುತ್ತಿದ್ದೆ. ಈ ಹೆಂಗಸಿನ ವಿಷಯ ನನಗೆ ಹೊಳೆದೇ ಇರಲಿಲ್ಲ. ಆ ಭಾನುವಾರ ಮತ್ತೆ ಕೂಳೂರಿನಲ್ಲಿ ದೋಣಿ ದಾಟಿದೆ.

ಅವಳು ನನ್ನ ಗುರುತು ಹಿಡಿದಳು. “ತುಳು ಮಾತಾಡಿದವರು ನೀವೇ ಅಲ್ವಾ?” ಎಂದಳು. ಕೂತುಕೊಳ್ಳಿ ಎನ್ನಲಿಲ್ಲ. ನಾನು ನಿಂತುಕೊಂಡೇ ತಪ್ಪಾಯಿತು ಎಂದೆ.

“ಅದನ್ನು ನನ್ನ ಹತ್ರ ಹೇಳಿ ಎಂತ ಮಾಡುದು? ನಾನು ಹೇಳ್ಲಿಲ್ಲ ಅಂತ ನನಗೆ ಗೊತ್ತುಂಟಲ್ಲ. ನೀವು ಹೇಳಿದ್ದು ಅಂತಲೂ ಗೊತ್ತುಂಟು. ಆ ದಿನ ಮತ್ಯಾರೂ ಬಂದಿರಲಿಲ್ಲ.” ಮೀನಿನ ಚಾಪೆಯ ಮೇಲೆ ಕೂತ ಕಾಗೆಯನ್ನು ಓಡಿಸಿ ಬಂದು ಹೇಳಿದಳು, “ಅವನ ಹತ್ರ ಹೇಳಿ. ಬಂದರಿನ ಧಕ್ಕೆಯಲ್ಲಿ, ದೋಣಿ ನಿಲ್ಲುವಲ್ಲಿ ಇರ್ತಾನೆ.”

ಬಂದರಿನ ಧಕ್ಕೆಯಲ್ಲಿ ಅವನು ಕುಕ್ಕರುಗಾಲಲ್ಲಿ ಕುಳಿತು ಬಲೆಗೆ ತೇಪೆ ಹಾಕುತ್ತಿದ್ದ. ದೊಡ್ಡ ಆಳು ಆಗಿದ್ದ. ನಾನು ಯಾರೆಂದು ಹೇಳಿದೆ. ನಡೆದದ್ದನ್ನು ಮೊದಲಿನಿಂದ ಹೇಳಿದೆ. ಅವನ ಕೈ ನಿಲ್ಲಲಿಲ್ಲ.

“ಅಮ್ಮ ಕಳಿಸಿದ್ದಾ?”

“ನಾನೇ ಬಂದೆ. ನಿನ್ನ ಹತ್ರ ಹೇಳ್ಲಿಕ್ಕೆ ಹೇಳಿದ್ದು ಅವರು.”

“ಹಾಗೆ ಹೇಳಿ ಮತ್ತೆ.” ಬಲೆಯ ನೂಲನ್ನು ಹಲ್ಲಿನಿಂದ ಕಡಿದ. “ಆ ದಿನ ಜಗಲಿಯಲ್ಲಿ ಹೇಳಿದ್ದೂ ನೀವೇ, ಇವತ್ತು ಹೇಳುವುದೂ ನೀವೇ. ಎರಡೂ ಒಂದೇ ಬಾಯಿ. ಯಾವುದು ಸರಿ ಅಂತ ನಾನು ಹೇಗೆ ತಿಳಿಯುದು?”

“ಇದು ಸತ್ಯ.”

“ಅದನ್ನೂ ಸತ್ಯ ಅಂತಲೇ ಹೇಳಿದ್ರಿ. ನಿಮ್ಮ ಸಾಹೇಬ್ರು ಎಲ್ಲಿದ್ದಾರೆ? ಅವರನ್ನು ಕೇಳುವಾ.”

ಸಾಹೇಬರು ವರ್ಗವಾಗಿ ಹೋಗಿ, ಅಲ್ಲಿಯೇ ತೀರಿಕೊಂಡಿದ್ದರು. ಅದನ್ನು ಹೇಳಿದೆ. ಅವನು ಸ್ವಲ್ಪ ನಕ್ಕ.

“ಸಾಕ್ಷಿ ಸತ್ತಿದ್ದಾನೆ. ಒಳ್ಳೇದಾಯ್ತು.” ಆಮೇಲೆ ಮೊದಲ ಸಲ ತಲೆ ಎತ್ತಿದ. “ಒಂದು ಕೆಲಸ ಮಾಡಿ. ಈಗ ಹೇಳಿದ್ದನ್ನೇ ಬರೆದು ಸಹಿ ಹಾಕಿ ಕೊಡಿ. ಮಾಸ್ಟ್ರು ಅದನ್ನು ಮೇಲಿನವರಿಗೆ ಕಳಿಸ್ಲಿ. ಅವರ ಸರ್ಟಿಫಿಕೇಟ್ ವಾಪಸ್ ಬರ್ಬಹುದು. ನನ್ನ ಪರೀಕ್ಷೆ ಬೇಡ, ನನಗೆ ವಯಸ್ಸಾಯ್ತು. ಅಮ್ಮ ಹೇಳ್ಲಿಲ್ಲ ಅಂತ ಅಷ್ಟು ಆದ್ರೆ ಸಾಕು. ಕೊಡ್ತೀರಾ?”

ನನಗೆ ಆಗ ಪೆನ್ಶನಿಗೆ ಕೆಲವೇ ವರ್ಷ ಉಳಿದಿತ್ತು. ಮೂರು ಹೆಣ್ಣುಮಕ್ಕಳು. ಸುಳ್ಳು ವರದಿ ಕೊಟ್ಟೆನೆಂದು ನಾನೇ ಬರೆದರೆ ಕೆಲಸ ಹೋಗುತ್ತದೆ, ಪೆನ್ಶನ್ ಹೋಗುತ್ತದೆ, ಜೈಲೂ ಆಗಬಹುದು. ಇಷ್ಟೆಲ್ಲ ಯೋಚನೆ ಒಂದು ಉಸಿರಿನಲ್ಲಿ ಬಂದು ಹೋಯಿತು. ನಾನು ನದಿಯ ಕಡೆ ನೋಡುತ್ತ ನಿಂತೆ.

ಅವನು ಕಾದ. ಆಮೇಲೆ ಬಲೆ ಎಳೆದುಕೊಂಡ. “ಗೊತ್ತಾಯ್ತು. ಅಮ್ಮನಿಗೆ ಹೇಳಿ, ಇನ್ನು ಯಾರನ್ನೂ ಕಳಿಸುದು ಬೇಡ ಅಂತ.”

ಹೇಳಲು ನಾನು ಹೋಗಲಿಲ್ಲ. ಕೆಲಸದಲ್ಲಿ ಇರುವವರೆಗೆ ಏನೂ ಬರೆಯಲಿಲ್ಲ. ಪೆನ್ಶನ್ ಬಂದ ಮೇಲೆ ಬರೆಯುತ್ತೇನೆ ಎಂದುಕೊಂಡೆ. ಬಂದ ಮೇಲೆ ಮಕ್ಕಳ ಮದುವೆಯಾಗಲಿ ಎಂದುಕೊಂಡೆ. ಅಷ್ಟರಲ್ಲಿ ಮಾಸ್ಟ್ರು ತೀರಿಕೊಂಡರು. ಆ ತಾಯಿ ಯಾವಾಗ ಸತ್ತಳೋ ನನಗೆ ತಿಳಿಯಲಿಲ್ಲ. ವಿಚಾರಿಸುವ ಹೊತ್ತಿಗೆ ಅವಳಿರಲಿಲ್ಲ. ಸಾವಿಗೆ ಮಗ ಬಂದನೋ ಎಂದು ಕೇಳಿದೆ. ಬಂದಿದ್ದ, ದೂರದಲ್ಲಿ ನಿಂತಿದ್ದ ಎಂದರು. ಈಗ ಅಲ್ಲಿ ಹೊಸ ಬಂದರಾಗಿ ಹಡಗುಗಳು ನಿಲ್ಲುತ್ತವೆ. ಕೇರಿ ಎಲ್ಲಿತ್ತೆಂದು ತೋರಿಸಲು ನನಗೂ ಬಾರದು.

ಆ ಮಗ ಇನ್ನೂ ಬದುಕಿದ್ದಾನೆಂದು ಕೇಳಿದ್ದೇನೆ. ಅವನಿಗೆ ಓದಲು ಬರುತ್ತದೆ, ಚೆನ್ನಾಗಿ ಬರುತ್ತದೆ. ಅಂದು ಅವನು ಕೇಳಿದ್ದನ್ನು ಬರೆದಿದ್ದೇನೆ. ಪರೀಕ್ಷೆ ಬರೆದವನು ಆ ಮನೆಯ ಮಗನೇ, ಯಾರ ಸಹಾಯವೂ ಇಲ್ಲದೆ ಬರೆದ. ನಾನು ಬೆನ್ನ ಹಿಂದೆ ನಿಂತು ನೋಡಿದ್ದೇನೆ. ಅವನ ಮಾಸ್ಟ್ರು ಅದರಲ್ಲಿ ಯಾವ ಮೋಸವನ್ನೂ ಮಾಡಲಿಲ್ಲ. ಅವನ ತಾಯಿ ಇಲ್ಲ ಎನ್ನಲಿಲ್ಲ, ಇಲ್ಲ ಎಂದವನು ನಾನು. ಇದನ್ನು ಬರೆಯುವುದರಿಂದ ಈಗ ನಾನು ಕಳೆದುಕೊಳ್ಳುವುದು ಏನೂ ಇಲ್ಲ. ಹಾಗಾಗಿ ಇದರ ಬೆಲೆಯೂ ಕಡಿಮೆ ಎಂದು ಬಲ್ಲೆ. ಓದಿದ ಮೇಲೂ ಅವನು ನಂಬದಿದ್ದರೆ ಅವನನ್ನು ದೂರುವ ಹಕ್ಕು ನನಗಿಲ್ಲ.